ಉಡಿಗಿಟ್ಟ ಬೆಲ್ಲ

ನಮ್ಮ ಅತ್ತೆಯ ಬೆಳಗಿಗೆ ಒಂದು ಕ್ರಮವಿದೆ: ಸೂಜಿ, ಪೂಜೆ, ತಿಂಡಿ. ಮೊದಲು ಹೊಟ್ಟೆಗೆ ಇನ್ಸುಲಿನ್ ಚುಚ್ಚಿಕೊಳ್ಳುತ್ತಾರೆ. ಆಮೇಲೆ ಕೊರಳಲ್ಲಿರುವ ಇಷ್ಟಲಿಂಗವನ್ನು ಎಡಗೈ ಮೇಲಿಟ್ಟುಕೊಂಡು ಪೂಜೆಗೆ ಕೂರುತ್ತಾರೆ. ಪೂಜೆ ಮುಗಿಯುವ ಹೊತ್ತಿಗೆ ನಾನು ತಟ್ಟೆ ತಂದಿಟ್ಟಿರಬೇಕು. ಸೂಜಿ ಹಾಕಿಕೊಂಡು ಸ್ವಲ್ಪ ಹೊತ್ತು ಬಿಟ್ಟು ತಿನ್ನಬೇಕೆಂದು ಡಾಕ್ಟರು ಹೇಳಿದ್ದರು. ಆ ಸ್ವಲ್ಪ ಹೊತ್ತನ್ನು ಗಡಿಯಾರ ನೋಡುತ್ತಾ ಸುಮ್ಮನೆ ಕಳೆಯುವುದು ಅತ್ತೆಗೆ ಆಗದ ಮಾತು, ಅದಕ್ಕೆ ಅದರೊಳಗೆ ಪೂಜೆಯನ್ನು ತೂರಿಸಿದರು. ಡಾಕ್ಟರು ಭೇಷ್ ಎಂದರು. ನಾನೂ ಒಳಗೊಳಗೇ ಮೆಚ್ಚಿದೆ; ನಾನು ಯಾರನ್ನಾದರೂ ಮೆಚ್ಚುವುದು ಅಪರೂಪ ಎಂದು ವಿನೋಬನಗರದಲ್ಲಿ ನನ್ನ ಹತ್ತಿರ ಬ್ಲೌಸ್ ಹೊಲಿಸುವ ಎಲ್ಲರಿಗೂ ಗೊತ್ತು.

ಆ ಕ್ರಮದ ನಡುವೆ ಒಂದು ಬಸ್ಸು ಬಂದು ನಿಂತರೆ ಏನಾಗುತ್ತದೆಂದು ಮಾತ್ರ ಡಾಕ್ಟರೂ ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

ಅತ್ತೆಯ ತಂಗಿ ಕಮಲಕ್ಕ ಗೋವಾದ ವಾಸ್ಕೋದಲ್ಲಿದ್ದಾರೆ. ಅವರ ಗಂಡನದು ಅಲ್ಲಿ ಕಿರಾಣಿ ಅಂಗಡಿ. ಅವರ ಮಗಳು ತನುಶ್ರೀ ಬಸುರಿ, ಕುಬಸದ ಕಾರ್ಯ ಇಟ್ಟುಕೊಂಡಿದ್ದರು. ದೊಡ್ಡಮ್ಮ ಹೋಗಿ ಉಡಿ ತುಂಬದಿದ್ದರೆ ಹೇಗೆ? ರೈಲಿಗೆ ಟಿಕೆಟ್ ಸಿಗಲಿಲ್ಲ. ನನ್ನ ಗಂಡ ಕೊಟ್ಟೂರೇಶ್ ಮೊಬೈಲಿನಲ್ಲಿ ಹುಡುಕಾಡಿ, ಚೆನ್ನೈಯಿಂದ ಪಣಜಿಗೆ ಹೋಗುವ ಖಾಸಗಿ ಬಸ್ಸೊಂದರಲ್ಲಿ ನಮ್ಮಿಬ್ಬರಿಗೂ ಸೀಟು ಹಿಡಿದರು. ಒಂದು ಸಮುದ್ರದ ದಂಡೆಯಿಂದ ಇನ್ನೊಂದು ಸಮುದ್ರದ ದಂಡೆಗೆ ಗಡಿ ದಾಟಿಕೊಂಡು ಓಡುವ ಬಸ್ಸು ಅದು. ನಡುವೆ ಸಿಗುವ ನಮ್ಮ ದಾವಣಗೆರೆ ಅದರ ಲೆಕ್ಕದಲ್ಲಿ ಊರೇ ಅಲ್ಲ. ಬೈಪಾಸಿನಲ್ಲಿ ಒಂದು ಚೂರು ಬ್ರೇಕು ಒತ್ತುತ್ತದೆ, ನಿಂತಿದ್ದವರು ಹತ್ತಿಕೊಳ್ಳಬೇಕು.

ನಸುಕಿನಲ್ಲಿ ಬರಬೇಕಾಗಿದ್ದ ಬಸ್ಸು ತಡ ಎಂದು ಮೆಸೇಜು ಬಂತು. ಒಂಬತ್ತರ ಮೇಲೆಯೇ ಎಂದಿದ್ದರು. ಸರಿ, ಮನೆಯಲ್ಲೇ ಎಲ್ಲ ಮುಗಿಸಿಕೊಂಡು ಹೋಗೋಣ ಎಂದು ಅತ್ತೆ ನಿಧಾನವಾಗಿ ಸ್ನಾನ ಮಾಡಿದರು, ಸೂಜಿ ಹಾಕಿಕೊಂಡರು, ಮಣೆ ಹಾಕಿಕೊಂಡು ಕೂತರು. ಹಿಂದಿನ ದಿನ ಸೋಮವಾರ, ಅವರದು ಒಪ್ಪತ್ತು. ರಾತ್ರಿ ಎರಡು ಬಾಳೆಹಣ್ಣು ತಿಂದು ಮಲಗಿದ್ದರು. ನಾನು ಒಲೆಯ ಮೇಲೆ ಇಡ್ಲಿ ಇಟ್ಟಿದ್ದೆ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಬಸ್ಸು ಆನಗೋಡು ದಾಟಿದೆ, ಬೈಪಾಸಿಗೆ ಬಂದು ನಿಲ್ಲಿ, ಕಾಯುವುದಿಲ್ಲ ಎಂದು ಯಾರೋ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಹೇಳಿ ಇಟ್ಟುಬಿಟ್ಟರು.

"ಅತ್ತೆ, ಏಳ್ರಿ! ಬಸ್ಸು ನಮ್ಮನೇದಲ್ಲ, ಬಿಟ್ಟು ಹೋಗ್ತೈತೆ," ಎಂದು ನಾನು ಕೂಗಿದೆ.

"ಇದೀಗ ಕೂತೀನಲ್ಲೇ..."

"ಬಸ್ಸಿನಾಗೆ ಕೂತು ಮಾಡ್ಕೊಳ್ರಿ. ಇಡ್ಲಿ ಡಬ್ಬಿಗೆ ಹಾಕ್ತೀನಿ."

ಅಂಗೈಗೆ ತೆಗೆದುಕೊಂಡಿದ್ದ ಲಿಂಗವನ್ನು ಅತ್ತೆ ಕಣ್ಣಿಗೊತ್ತಿಕೊಂಡು ಬಟ್ಟೆಗೆ ಹಾಕಿ ಕಟ್ಟಿಕೊಂಡರು. ಲಿಂಗ ಇಡುವ ಎಂದಿನ ಬೆಳ್ಳಿಯ ಕರಡಿಗೆಯ ತಿರುಪು ಸವೆದಿತ್ತು, ಅದನ್ನು ರಿಪೇರಿಗೆ ಕೊಟ್ಟಿದ್ದೆವು. ಹಾಗಾಗಿ ಆ ವಾರವೆಲ್ಲ ಲಿಂಗ ಬಿಳಿ ಬಟ್ಟೆಯ ಗಂಟಿನಲ್ಲಿ ಕೊರಳಿಗೆ ತೂಗುತ್ತಿತ್ತು. ನಾವು ಬ್ಯಾಗು ಎತ್ತಿಕೊಂಡು ಓಣಿಯ ಸಣ್ಣಬೀರಪ್ಪನ ಆಟೋ ಹತ್ತಿದೆವು.

ಬೈಪಾಸಿಗೆ ಬಂದರೆ ಬಸ್ಸಿನ ಸುಳಿವಿಲ್ಲ. ಧೂಳು, ಲಾರಿ, ಬಿಸಿಲು. ಫೋನು ಮಾಡಿದರೆ ಡೀಸೆಲ್ ಹಾಕಿಸುತ್ತಿದ್ದಾರಂತೆ. ಮನೆಯಲ್ಲೇ ಇದ್ದಿದ್ದರೆ ಪೂಜೆಯೂ ಆಗುತ್ತಿತ್ತು, ಇಡ್ಲಿಯೂ ಆಗುತ್ತಿತ್ತು. ನನಗೆ ಮೈಯೆಲ್ಲ ಉರಿಯಿತು.

"ಅತ್ತೆ, ಒಂದು ಇಡ್ಲಿ ತಿಂದುಬಿಡ್ರಿ. ಸೂಜಿ ಹಾಕ್ಕೊಂಡು ಭಾಳ ಹೊತ್ತಾತು."

"ರೋಡಿನಾಗೆ ನಿಂತು ಲಿಂಗ ತೆಗೀಲೇನು? ಬಸ್ಸು ಬರ್ಲಿ ತಡಿ. ಕೂತ ಕೂಡ್ಲೆ ಮಾಡಿ ತಿಂತೀನಿ."

ಪೂಜೆಗೆ ಮೊದಲು ಅವರ ಬಾಯಿಗೆ ಏನೂ ಹೋಗುವುದಿಲ್ಲ. ಅದು ಗೊತ್ತಿದ್ದೂ ಕೇಳಿದ್ದೆ. ಬಸ್ಸು ಬಂದಾಗ ಮೊದಲು ಅವರನ್ನು ಹತ್ತಿಸಿ, ಬ್ಯಾಗುಗಳನ್ನು ತೂರಿಸಿ ನಾನೂ ಹತ್ತಿದೆ.

ಒಳಗೆ ಥಂಡಿ. ಪರದೆಗಳೆಲ್ಲ ಮುಚ್ಚಿದ್ದವು. ಚೆನ್ನೈಯಲ್ಲಿ ಹತ್ತಿದವರು ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದರು. ಅವರು ಕಣ್ಣು ಬಿಡುವುದು ಇನ್ನೊಂದು ಸಮುದ್ರ ಕಂಡ ಮೇಲೆಯೇ ಇರಬೇಕು. ಕಿಟಕಿಯ ಗಾಜು ತೆರೆಯುವಂಥದ್ದಲ್ಲ. ನಮ್ಮ ಪಕ್ಕದ ಸಾಲಿನಲ್ಲಿ ನಡುವಯಸ್ಸಿನ ಒಬ್ಬ ಗೋವಾದ ಹೆಂಗಸು ಎಚ್ಚರವಾಗಿದ್ದಳು, ನಮ್ಮನ್ನು ನೋಡಿ ಕಾಲು ಸರಿಸಿಕೊಂಡಳು. ಅತ್ತೆಯನ್ನು ಕಿಟಕಿ ಪಕ್ಕ ಕೂರಿಸಿ, ಉಡಿ ಸಾಮಾನಿನ ಚೀಲವನ್ನು ತೊಡೆ ಮೇಲಿಟ್ಟುಕೊಂಡು, ನೀರಿನ ಬಾಟಲಿ ತೆಗೆದೆ.

"ಈಗ ಮಾಡ್ಕೊಳ್ರಿ."

ಅತ್ತೆ ಸೆರಗು ತಲೆ ಮೇಲೆ ಎಳೆದುಕೊಂಡು ಎದೆಯ ಹತ್ತಿರ ಕೈ ಹಾಕಿದರು. ಕೈ ಅಲ್ಲೇ ನಿಂತಿತು. ಮತ್ತೆ ತಡಕಾಡಿದರು. ಆಮೇಲೆ ಬಟ್ಟೆಯನ್ನು ಹೊರಗೆಳೆದರು. ಗಂಟು ಸಡಿಲವಾಗಿ ಬಟ್ಟೆ ಚಪ್ಪಟೆಯಾಗಿ ಜೋತುಬಿದ್ದಿತ್ತು. ಒಳಗೆ ಏನೂ ಇರಲಿಲ್ಲ.

ಅವರು ಕಿರುಚಲಿಲ್ಲ. "ಸುನೀತಾ," ಎಂದರು, ಅಷ್ಟೆ. ಹದಿನೆಂಟು ವರ್ಷದಲ್ಲಿ ಅವರು ನನ್ನ ಹೆಸರನ್ನು ಅಷ್ಟು ಸಣ್ಣ ದನಿಯಲ್ಲಿ ಕರೆದದ್ದನ್ನು ನಾನು ಕೇಳಿರಲಿಲ್ಲ.

ಸೀಟಿನ ಕೆಳಗೆ ನೋಡಿದೆ. ಅವರ ಸೀರೆಯ ನೆರಿಗೆ, ಶಾಲು, ಬ್ಯಾಗಿನ ಬಾಯಿ, ನಡುದಾರಿ, ಮೆಟ್ಟಿಲು, ಎಲ್ಲ ನೋಡಿದೆ. ಗೋವಾದ ಹೆಂಗಸೂ ಮೊಬೈಲ್ ಟಾರ್ಚು ಹಿಡಿದು ಬಗ್ಗಿದಳು. ಏನು ಹುಡುಕುತ್ತಿದ್ದೇವೆಂದು ಪಾಪ ಅವಳಿಗೆ ಗೊತ್ತಿರಲಿಲ್ಲ. ಗಂಡನಿಗೆ ಫೋನು ಮಾಡಿದೆ.

"ರೀ, ಅತ್ತೆಯ ಲಿಂಗ ಬಿದ್ದೈತೆ. ಮನೆಯಾಗೆ ನೋಡ್ರಿ, ದೇವರ ಮನೆ, ಬಾಗಿಲು, ಮೆಟ್ಟಿಲು ಎಲ್ಲಾ. ಬೇಗ ನೋಡ್ರಿ. ಅವ್ರು ಸೂಜಿ ಹಾಕ್ಕೊಂಡಾರೆ, ಏನೂ ತಿಂದಿಲ್ಲ."

ಮುಂದಿನದನ್ನು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅತ್ತ ಕಡೆಯಿಂದ ಕುರ್ಚಿ ಬಿದ್ದ ಸದ್ದು ಕೇಳಿತು.

ಅತ್ತೆಯ ಕಡೆ ತಿರುಗಿದೆ. "ಸಿಗ್ತೈತೆ ಅತ್ತೆ, ಎಲ್ಲಿ ಹೋಗ್ತೈತೆ? ನೀವು ಮೊದ್ಲು ಒಂದು ಗುಟುಕು ಸಕ್ಕರೆ ನೀರು ಕುಡೀರಿ."

"ಬ್ಯಾಡ."

"ಅತ್ತೆ..."

"ಲಿಂಗ ಇಲ್ಲದ ಮೈಗೆ ನೀರು ಇಳೀಬಾರದು. ನಿಂಗೆ ಗೊತ್ತಿಲ್ಲೇನು? ನಮ್ಮತ್ತೇದು ಶಾಮನೂರು ಚಾನೆಲ್ಲಿನ ನೀರಿನಾಗೆ ಜಾರಿ ಹೋದಾಗ, ಮಠದ ಅಯ್ಯನೋರು ಬಂದು ಇನ್ನೊಂದು ಕಟ್ಟೋ ತನಕ ಉಗುಳು ಸೈತ ನುಂಗಲಿಲ್ಲ ಆಕಿ. ನಾನೇ ನೋಡೀನಿ."

"ಅವ್ರಿಗೆ ಸೂಜಿ ಇರ್ಲಿಲ್ಲ ಅತ್ತೆ!" ಎಂದು ನಾನು ಗದರಿದೆ. ಮುಂದಿನ ಸೀಟಿನವನು ತಿರುಗಿ ನೋಡಿದ. ನೋಡಲಿ.

ಸೂಜಿಯ ಔಷಧಿಗೆ ಮಡಿ ಮೈಲಿಗೆ ಗೊತ್ತಿಲ್ಲ. ಅದು ಹೊಟ್ಟೆಯೊಳಗೆ ಹೋಗಿ ತನ್ನ ಪಾಡಿಗೆ ಸಕ್ಕರೆಯನ್ನು ಇಳಿಸುತ್ತಾ ಕೂತಿರುತ್ತದೆ, ಇಡ್ಲಿ ಬರಲಿ ಬಿಡಲಿ. ಒಮ್ಮೆ ಹೀಗೆಯೇ ಮದುವೆಯೊಂದರಲ್ಲಿ ಊಟ ತಡವಾಗಿ ಅತ್ತೆ ಕೂತಲ್ಲೇ ವಾಲಿದ್ದರು. ಆಗ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು: ಸಕ್ಕರೆ ಏರಿದರೆ ನೋಡಿಕೊಳ್ಳಲು ಸಮಯವಿರುತ್ತದೆ, ಇಳಿದರೆ ಇರುವುದಿಲ್ಲ. ಮೊದಲು ಬೆವರು, ನಡುಕ, ಆಮೇಲೆ ಮಾತು ತಪ್ಪುತ್ತದೆ, ಆಮೇಲೆ ಎಚ್ಚರ ತಪ್ಪುತ್ತದೆ. ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬೇಡಿ, ಉಸಿರಿಗೆ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಮೊದಲೇ ಕುಡಿಸಬೇಕು. ಆ ಮಾತು ಈಗ ತಲೆಯೊಳಗೆ ಗುಯ್ಗುಟ್ಟತೊಡಗಿತು.

ಬಸ್ಸು ನಿಂತಿತು. ಪರದೆ ಸರಿಸಿ ನೋಡಿದೆ. ಬಾತಿಯ ಹತ್ತಿರ ರಸ್ತೆ ಕೆಲಸ ನಡೆದಿತ್ತು, ಕಣ್ಣು ಹಾಯುವವರೆಗೂ ಲಾರಿಗಳು. ಮುಂದೆ ಹೋಗಿ ಬದಲಿ ಡ್ರೈವರನ್ನು ಕೇಳಿದೆ. ತಲೆಗೆ ಟವೆಲ್ ಸುತ್ತಿಕೊಂಡಿದ್ದ ತಮಿಳಿನ ಮನುಷ್ಯ, ಕನ್ನಡ ಹೇಗೋ ಬರುತ್ತಿತ್ತು.

"ತಿರುಗಿಸೋಕೆ ಆಗಲ್ಲಮ್ಮಾ, ನೋಡಿ, ಎಲ್ಲಿ ತಿರುಗಿಸೋದು? ಹರಿಹರ ಹತ್ರ ನಿಲ್ಲಿಸ್ತೀನಿ. ಅಲ್ಲಿ ಆಸ್ಪತ್ರೆ ಇದೆ. ಅಲ್ಲಿವರೆಗೂ ಏನಾದ್ರೂ ಕುಡಿಸಿ."

ಏನಾದರೂ ಕುಡಿಸಿ! ಎಷ್ಟು ಸುಲಭದ ಮಾತು. ನಾನು ವಾಪಸ್ಸು ಬಂದಾಗ ಅತ್ತೆಯ ಮೇಲ್ದುಟಿಯ ಮೇಲೆ ಬೆವರು ಮೂಡಿತ್ತು. ಅಷ್ಟು ಥಂಡಿಯ ಬಸ್ಸಿನಲ್ಲಿ ಅವರ ಹಣೆಯ ವಿಭೂತಿ ಒದ್ದೆಯಾಗಿ ಹುಬ್ಬಿನ ಕಡೆ ಇಳಿಯುತ್ತಿತ್ತು. ಕೈ ಮುಟ್ಟಿದೆ, ತಣ್ಣಗಿತ್ತು.

"ಅತ್ತೆ, ನಿಮ್ಮ ಕಾಲಿಗೆ ಬೀಳ್ತೀನಿ. ಹಟ ಮಾಡಬ್ಯಾಡ್ರಿ. ಆಮೇಲೆ ಎಷ್ಟು ಬೇಕಾದ್ರೂ ಪ್ರಾಯಶ್ಚಿತ್ತ ಮಾಡ್ಕೊಳ್ಳಾನ."

"ಹಟ ಅಲ್ಲವ್ವ ಇದು." ಅವರ ನಾಲಿಗೆ ದಪ್ಪವಾಗಿತ್ತು. "ನಂಗೂ ಹೆದ್ರಿಕೆ ಆಗೈತೆ. ಸಾಯೋಕಲ್ಲ. ಸತ್ರೆ ಕುಣಿಯಾಗೆ ಕೂರಿಸ್ತೀರಲ್ಲ, ಎಡಗೈಯಾಗೆ ಏನಿಡ್ತೀರಿ? ಬರಿಗೈಯಾಗೆ ಹೋಗ್ಲೇನು ನಾನು?"

ನಮ್ಮಲ್ಲಿ ಮಣ್ಣು ಮಾಡುವಾಗ ಹೆಣವನ್ನು ಕೂರಿಸಿ, ಅಂಗೈಯಲ್ಲಿ ಅವರ ಲಿಂಗವನ್ನೇ ಇಡುತ್ತಾರೆ. ಮಾವನವರ ಕೈಯಲ್ಲಿ ಇಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಅತ್ತೆ ಬಾಯಿ ಬಿಗಿದುಕೊಂಡದ್ದು ನನ್ನ ಮೇಲಿನ ಸಿಟ್ಟಿಗಲ್ಲ, ದೇವರ ಮೇಲಿನ ಹಟಕ್ಕೂ ಅಲ್ಲ. ಅವರು ಎಲ್ಲಿಗೋ ಹೋಗುವಾಗ ಬರಿಗೈಯಲ್ಲಿ ಹೋಗಲು ಹೆದರಿದ್ದರು, ಅಷ್ಟೇ. ಗೋವಾಕ್ಕೆ ಹೊರಟಾಗಲೂ ಬರಿಗೈಯಲ್ಲಿ ಹೋಗುವುದೇ ಎಂದು ಮೂರು ಚೀಲ ತುಂಬಿಸಿದವರು ಅವರು.

ಗೋವಾದ ಹೆಂಗಸು ತನ್ನ ಚೀಲದಿಂದ ಕಿತ್ತಳೆ ರಸದ ಬಾಟಲಿ ತೆಗೆದು ನನ್ನ ಕೈಗಿಟ್ಟಳು. "ಶುಗರ್ ಹೈ ನಾ? ಪಿಲಾವ್. ಜಲ್ದಿ ಪಿಲಾವ್," ಎಂದಳು. ನಾನು ಬಾಟಲಿಯನ್ನು ಅತ್ತೆಯ ತುಟಿಗೆ ಹಿಡಿದೆ. ಅವರು ಮುಖ ತಿರುಗಿಸಿದರು. ಆ ಹೆಂಗಸು ನನ್ನನ್ನೇ ನೋಡಿದಳು. ಈ ಸೊಸೆ ಯಾಕೆ ಕುಡಿಸುತ್ತಿಲ್ಲ ಎಂಬಂತಿತ್ತು ಆ ನೋಟ.

ಆ ನೋಟ ನನಗೆ ಗೊತ್ತು. ನಮ್ಮ ಓಣಿಯ ಕಾಟಮ್ಮ ಬಚ್ಚಲಲ್ಲಿ ಜಾರಿ ಬಿದ್ದು ತೀರಿಕೊಂಡಾಗ ಸೊಸೆ ವಾಣಿಶ್ರೀ ಅಡಿಗೆಮನೆಯಲ್ಲಿದ್ದಳು. ಅವಳು ಮಾಡಿದ್ದು ಇಷ್ಟೇ, ಮನೆಯಲ್ಲಿದ್ದಳು. ಇವತ್ತಿಗೂ ನಲ್ಲಿ ಹತ್ತಿರ ಅವಳು ಬಂದರೆ ಹೆಂಗಸರ ಮಾತು ನಿಲ್ಲುತ್ತದೆ. "ಸೊಸೆ ಅಲ್ಲೇ ಇದ್ಲಂತೆ" ಎನ್ನುತ್ತಾರೆ, ಮುಂದೆ ಏನೂ ಹೇಳುವುದಿಲ್ಲ. ನನ್ನ ಅತ್ತೆಯ ಹಣೆಯ ವಿಭೂತಿ ಕರಗಿ ಇಳಿಯುತ್ತಿರುವಾಗ ನನಗೆ ವಾಣಿಶ್ರೀಯ ನೆನಪು ಬಂತು. ಥೂ, ನಿನ್ನ ಜನ್ಮಕ್ಕಿಷ್ಟು ಎಂದು ನನ್ನನ್ನೇ ಬೈದುಕೊಂಡೆ. ಆದರೂ ಬಂದದ್ದು ಬಂತು. ಹೆದರಿಕೆ ಎಂದರೆ ಒಂದೇ ಆಗಿರುವುದಿಲ್ಲ.

ಬಸ್ಸು ಎರಡು ಮಾರು ಮುಂದೆ ಹೋಗಿ ಮತ್ತೆ ನಿಂತಿತು. ಗಂಡನ ಫೋನು ಬಂತು. "ಮನೆಯಾಗೆ ಎಲ್ಲೂ ಇಲ್ಲ. ಸಣ್ಣಬೀರಪ್ಪನ ಆಟೋ ನೋಡ್ಬೇಕು, ಫೋನ್ ಎತ್ತವಲ್ಲ. ಸ್ಟ್ಯಾಂಡಿಗೆ ಹೊಂಟೀನಿ. ಅವ್ವ ಹೆಂಗದಾಳೆ?"

"ಬರ್ರಿ ಬೇಗ," ಎಂದೆ.

"ಕಮಲಿ," ಎಂದರು ಅತ್ತೆ.

ಅವರು ನನ್ನನ್ನೇ ನೋಡಿ ತಂಗಿಯ ಹೆಸರು ಕರೆದಿದ್ದರು. "ಕಮಲಿ, ಕದ ಹಾಕೇ, ನಾಯಿ ಬರ್ತೈತೆ."

ಮಾತು ತಪ್ಪಿತ್ತು. ಡಾಕ್ಟರು ಹೇಳಿದ ಕ್ರಮದಲ್ಲಿ ಇನ್ನು ಉಳಿದಿದ್ದು ಒಂದೇ. ನಾನು ಅವರ ದವಡೆ ಹಿಡಿದು ಬಾಯಿ ತೆರೆಸಲು ನೋಡಿದೆ. ಹಲ್ಲು ಕಚ್ಚಿ ಹಿಡಿದಿದ್ದರು. ಬುದ್ಧಿ ಎಲ್ಲೋ ಹೋಗಿದ್ದರೂ ಹಲ್ಲಿಗೆ ವ್ರತ ನೆನಪಿತ್ತು. ಜೋರು ಮಾಡಿದರೆ ಉಸಿರಿಗೆ ಹೋದೀತು. ನಾನು ಕೈ ಬಿಟ್ಟೆ. ನನಗೆ ಅಳು ಬಂತು, ಅದರ ಹಿಂದೆಯೇ ವಿಪರೀತ ಸಿಟ್ಟು ಬಂತು: ಆ ಬಸ್ಸಿನ ಮೇಲೆ, ಕರಡಿಗೆಯ ತಿರುಪಿನ ಮೇಲೆ, ಮುಂದೆ ಸಾಲುಗಟ್ಟಿ ನಿಂತಿದ್ದ ಲಾರಿಗಳ ಮೇಲೆ.

ತೊಡೆಯ ಮೇಲಿನ ಚೀಲ ಜಾರಿತು. ಹಿಡಿಯಲು ಹೋದಾಗ ಬಾಯಿ ತೆರೆದುಕೊಂಡು ಕೊಬ್ಬರಿ ಬಟ್ಟಲೊಂದು ಉರುಳಿತು. ತನುಶ್ರೀಯ ಉಡಿಗೆಂದು ಅತ್ತೆಯೇ ಆರಿಸಿ ಇಟ್ಟಿದ್ದ ಸಾಮಾನು: ಹಸಿರು ಖಣ, ಬಳೆ, ಅರಿಸಿನ ಬೇರು, ಉತ್ತತ್ತಿ, ಐದು ಅಚ್ಚು ಬೆಲ್ಲ. ಒಂದು ಅಚ್ಚನ್ನು ಕೈಗೆ ತೆಗೆದುಕೊಂಡೆ, ತುಟಿಗಾದರೂ ತಿಕ್ಕೋಣ ಎಂದು. ಕಪ್ಪು ಬೆಲ್ಲ. ತಳ ಚಪ್ಪಟೆ, ಮೇಲೆ ಗುಂಡಗೆ, ಅಂಗೈಯ ನಡುವೆ ಸರಿಯಾಗಿ ಕೂತಿತು.

ನಾನು ಅದನ್ನು ನೋಡಿದೆ. ಇನ್ನೊಮ್ಮೆ ನೋಡಿದೆ.

ದೇವರ ವಿಷಯದಲ್ಲಿ ನಾನು ಅಷ್ಟಕ್ಕಷ್ಟೆ. ಆದರೂ ಮನಸ್ಸಿನಲ್ಲೇ ತಪ್ಪಾಯಿತು ಎಂದುಕೊಂಡೆ. ಅತ್ತೆಯ ಕೊರಳಿಂದ ಬಟ್ಟೆಯನ್ನು ಬಿಡಿಸಿಕೊಂಡು ಸೀಟಿನ ಕೆಳಗೆ ಬಗ್ಗಿದೆ. ಬೆಲ್ಲವನ್ನು ಬಟ್ಟೆಯ ನಡುವೆ ಇಟ್ಟು ಕಟ್ಟಲು ಹೋದರೆ ಗಂಟು ಬೀಳಲೊಲ್ಲದು. ದಿನವಿಡೀ ಸೂಜಿಗೆ ದಾರ ಪೋಣಿಸುವ ಕೈ ಇದು, ಕಣ್ಣು ಮುಚ್ಚಿ ಹುಕ್ಕು ಹಾಕುತ್ತದೆ. ಅವತ್ತು ಒಂದು ಗಂಟು ಹಾಕಲು ಬರಲಿಲ್ಲ. ಮೂರನೇ ಸಲಕ್ಕೆ ಬಿತ್ತು. ಗೋವಾದ ಹೆಂಗಸು ಎಲ್ಲವನ್ನೂ ನೋಡುತ್ತಿದ್ದಳು. ನಾನು ಅವಳ ಕಡೆ ನೋಡಲಿಲ್ಲ.

"ಅತ್ತೆ! ಅತ್ತೆ, ಸಿಕ್ತು ನೋಡ್ರಿ! ಸೀಟಿನ ಕೆಳಗೇ ಐತೆ!"

ಅವರು ಕಣ್ಣು ತೆರೆದರು. ನಾನು ಗಂಟನ್ನು ಅವರ ಎಡಗೈಯಲ್ಲಿ ಇಟ್ಟು ಬೆರಳುಗಳನ್ನು ಮಡಿಸಿದೆ. ಬೆರಳುಗಳು ಅದರ ಸುತ್ತ ನಿಧಾನವಾಗಿ ಆಡಿದವು. ಕೈ ಮೇಲೆದ್ದಿತು, ಒಂದು ಕಣ್ಣಿಗೆ ಒತ್ತಿಕೊಂಡರು, ಇನ್ನೊಂದು ಕಣ್ಣಿಗೆ ಒತ್ತಿಕೊಂಡರು. ಈಗ ಬಿಚ್ಚುತ್ತಾರೆ ಎಂದುಕೊಂಡೆ. ಬಿಚ್ಚಿದರೆ ಎಲ್ಲ ಮುಗಿಯಿತು. ಆಮೇಲೆ ನಾನು ಏನು ಹೇಳಿದರೂ ನಂಬುವುದಿಲ್ಲ, ಬಾಯಿಯನ್ನಂತೂ ಮತ್ತೆ ತೆರೆಯುವುದಿಲ್ಲ.

ಬಿಚ್ಚಲಿಲ್ಲ. ಗಂಟನ್ನು ಮುಖದ ಹತ್ತಿರವೇ ಹಿಡಿದುಕೊಂಡು ನನ್ನನ್ನು ನೋಡಿದರು. ನನ್ನ ಮುಖ, ನನ್ನ ಕೈ, ಮತ್ತೆ ನನ್ನ ಮುಖ.

"ಕುಡಿಸು," ಎಂದರು.

ಕಿತ್ತಳೆ ರಸವನ್ನು ಗುಟುಕು ಗುಟುಕಾಗಿ ಕುಡಿಸಿದೆ. ಅರ್ಧ ಕೆನ್ನೆ ಮೇಲೆ ಚೆಲ್ಲಿತು, ಅರ್ಧ ಒಳಗೆ ಹೋಯಿತು. ಗೋವಾದ ಹೆಂಗಸು ಪೊಟ್ಟಣ ಹರಿದು ಸಕ್ಕರೆ ಕೊಟ್ಟಳು, ಅದನ್ನೂ ನಾಲಿಗೆ ಮೇಲೆ ಹಾಕಿದೆ. ಅತ್ತೆ ನುಂಗಿದರು. ನಾನು ಅವರ ಗಂಟಲನ್ನೇ ನೋಡುತ್ತಾ ಕೂತೆ. ಯಾವಾಗ ಲಾರಿಗಳ ಸಾಲು ಕರಗಿತೋ, ಯಾವಾಗ ಬಸ್ಸು ಓಡತೊಡಗಿತೋ ನನಗೆ ಗೊತ್ತಾಗಲಿಲ್ಲ. ಹರಿಹರದ ಹತ್ತಿರ ಸರ್ವಿಸ್ ರಸ್ತೆಗೆ ಇಳಿದು ಬಸ್ಸು ಒಂದು ಹೋಟೆಲಿನ ಮುಂದೆ ನಿಂತಾಗ ಅತ್ತೆ ಸೆರಗಿನಿಂದ ತಾವೇ ಮುಖ ಒರೆಸಿಕೊಳ್ಳುತ್ತಿದ್ದರು. "ಯಾವೂರು ಇದು?" ಎಂದು ಕೇಳಿದರು. ಹರಿಹರ ಎಂದೆ. "ಇಷ್ಟೊತ್ತಿಗೆ ಬರೇ ಹರಿಹರವೇನು?" ಎಂದರು. ಆ ವ್ಯಂಗ್ಯ ಕೇಳಿದ ಮೇಲೆ ನನಗೆ ಧೈರ್ಯ ಬಂತು.

ಆಸ್ಪತ್ರೆಗೆ ಹೋಗೋಣ ಎಂದರೆ ಒಪ್ಪಲಿಲ್ಲ. ಬದಲಿ ಡ್ರೈವರು ಎಲ್ಲರಿಗೂ ತಿಂಡಿಗೆ ಇಲ್ಲೇ ನಿಲ್ಲಿಸುತ್ತೇನೆ ಎಂದ. ಹೋಟೆಲಿನ ಪಕ್ಕದ ಬೇವಿನ ಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಅತ್ತೆಯನ್ನು ಕೂರಿಸಿದೆ. ಅವರು ಮರಕ್ಕೆ ಒರಗಿ ಕಣ್ಣು ಮುಚ್ಚಿದರು. ಗಂಟು ಕೊರಳಲ್ಲಿತ್ತು. ನಾನೇ ಕಟ್ಟಿದ್ದೆ. ಬೆವರಿಗೆ ಬಟ್ಟೆ ನೆನೆದು ಒಂದು ಕಡೆ ಕಂದು ಬಣ್ಣದ ಕಲೆ ಮೂಡುತ್ತಿತ್ತು.

ಆಗ ಫೋನು ಬಂತು. "ಸಿಕ್ತು! ಆಟೋದ ಸೀಟಿನ ಸಂದಿಯಾಗೆ ಇತ್ತು. ಬಾತಿ ದಾಟೀನಿ, ಬಂದೆ."

ಹರಿಹರದ ಹೋಟೆಲಿನ ಗುರುತು ಹೇಳಿದೆ. ನನಗೆ ಖುಷಿಯಾಗಬೇಕಿತ್ತು, ಆಯಿತು ಕೂಡ. ಅದರ ಜೊತೆಗೆ ಬೇರೆಯದೇ ಒಂದು ಹೆದರಿಕೆ ಹುಟ್ಟಿತು. ಈಗ ಅವರಿಗೆ ಗೊತ್ತಾಗುತ್ತದೆ. ಲಿಂಗವಿಲ್ಲದ ಮೈಗೆ ನೀರು ಇಳಿಸಿದವಳು ನಾನು. ಬೆಲ್ಲವನ್ನು ಕಣ್ಣಿಗೆ ಒತ್ತಿಸಿದವಳು ನಾನು. ಅವರು ಬದುಕಿದ್ದಕ್ಕೆ ನನ್ನನ್ನು ಎಂದಾದರೂ ಕ್ಷಮಿಸಿಯಾರು ಎಂದು ನನಗೆ ಅನ್ನಿಸಲಿಲ್ಲ. ಮಾತು ಬಿಡುತ್ತಾರೆ, ನನ್ನ ಕೈಯ ಅಡಿಗೆ ಬಿಡುತ್ತಾರೆ. ಹಾಗೆ ಬಿಟ್ಟವರನ್ನು ನಾನು ನೋಡಿದ್ದೇನೆ.

ಕೊಟ್ಟೂರೇಶ್ ಬೈಕಿನಲ್ಲಿ ಬಂದರು. ಹೆಲ್ಮೆಟ್ ಇರಲಿಲ್ಲ, ಕೂದಲೆಲ್ಲ ಧೂಳು. ಹೊಸ ಕರವಸ್ತ್ರದಲ್ಲಿ ಸುತ್ತಿದ ಲಿಂಗವನ್ನು ಶರ್ಟಿನೊಳಗಿಂದ ತೆಗೆದು ನನ್ನ ಕೈಗಿಟ್ಟರು. ತುಟಿಯ ಮೇಲೆ ಬೆರಳಿಟ್ಟು, ಕುಡಿಯಲು ಬಿಸಿ ಹಾಲು ತರಲು ಅವರನ್ನು ಹೋಟೆಲಿಗೆ ಕಳಿಸಿದೆ. ಅತ್ತೆ ಕಣ್ಣು ಮುಚ್ಚಿಯೇ ಇದ್ದರು. ನಾನು ಮೆಲ್ಲಗೆ ಪಕ್ಕದಲ್ಲಿ ಕೂತು, ಅವರ ಕೊರಳಿನ ಗಂಟಿಗೆ ಬೆರಳು ಹಾಕಿದೆ. ಬೆಲ್ಲ ತೆಗೆದು ಲಿಂಗ ಇಡುವುದಕ್ಕೆ ಎಷ್ಟು ಹೊತ್ತು ಬೇಕು?

ಅವರ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು.

"ಬಿಡು. ನಾನೇ ಬಿಚ್ತೀನಿ."

ಕಣ್ಣು ತೆರೆಯದೆಯೇ ಬಿಚ್ಚಿದರು. ಅಂಚು ಕರಗಿದ ಬೆಲ್ಲದ ಅಚ್ಚು ಅವರ ಅಂಗೈ ಮೇಲೆ ಅಂಟಿಕೊಂಡು ಕೂತಿತ್ತು. ನಾನು ತಲೆ ತಗ್ಗಿಸಿದೆ. ಬೈಯಲಿ ಎಂದು ಕಾದೆ. ಹೊಡೆದರೂ ಹೊಡೆಯಲಿ ಎಂದುಕೊಂಡೆ.

"ಇಷ್ಟು ವರ್ಷ ಒಲೆ ಮುಂದೆ ನಿಂತೀನಿ," ಎಂದರು ಅತ್ತೆ. "ಬೆಲ್ಲದ ವಾಸನೆ ತಿಳಿಯಲ್ಲೇನು ನಂಗೆ?"

ನನಗೆ ತಟ್ಟನೆ ಅರ್ಥವಾಗಲಿಲ್ಲ. "ಈಗ ಗೊತ್ತಾತಾ?"

"ಕಣ್ಣಿಗೆ ಒತ್ಕೊಂಡಾಗಲೇ ಗೊತ್ತಾತು. ತಲಿ ತಿರುಗ್ತಿತ್ತು, ನಿನ್ನ ಮುಖ ಸೈತ ಎರಡೆರಡು ಕಾಣ್ತಿತ್ತು. ಮೂಗು ಎಲ್ಲಿಗೂ ಹೋಗಿರ್ಲಿಲ್ಲ."

"ಮತ್ತೆ ಯಾಕ ಕುಡಿದ್ರಿ?"

ಅತ್ತೆ ಬಾಟಲಿಯ ನೀರಿನಿಂದ ಎಡಗೈಯನ್ನು ತೊಳೆದುಕೊಂಡರು. ನನ್ನ ಕೈಯಿಂದ ಕರವಸ್ತ್ರ ತೆಗೆದುಕೊಂಡು, ತಮ್ಮ ಲಿಂಗವನ್ನು ಅಂಗೈಗೆ ಇಟ್ಟುಕೊಂಡರು. ಬಹಳ ದಿನಕ್ಕೆ ಮನೆಗೆ ಬಂದ ಮಗುವನ್ನು ನೋಡುವ ಹಾಗೆ ನೋಡಿದರು.

"ಹೊಲಿಗೆ ಮಾಡೋ ಕೈ ನಿಂದು. ಅಷ್ಟು ನಡುಗಿದ್ದು ಯಾವತ್ತೂ ನೋಡಿರ್ಲಿಲ್ಲ ನಾನು," ಎಂದರು. ಆಮೇಲೆ ಇನ್ನೂ ಸಣ್ಣಗೆ ಹೇಳಿದರು: "ಲಿಂಗ ಹೋದ್ರೆ ಅಯ್ಯನೋರ ಕಾಲಿಗೆ ಬಿದ್ದು ಇನ್ನೊಂದು ಕಟ್ಟಿಸ್ಕೋಬೋದು. ನಾನು ಹೋಗಿದ್ರೆ ಓಣಿಯವರು ನಿನ್ನ ವಾಣಿಶ್ರೀ ಮಾಡಿಬಿಡ್ತಿದ್ರು. ಆ ಜನಾನ ನಿನಗಿಂತ ಮೊದ್ಲಿಂದ ನೋಡೀನಿ ನಾನು."

ನಾನು ಅಳುವವಳಲ್ಲ. ಹರಿಹರದ ಆ ಬೆಂಚಿನ ಮೇಲೆ, ಲಾರಿಗಳ ಎದುರಿಗೆ, ಮೂಗು ಸುರಿಸಿಕೊಂಡು ಅತ್ತುಬಿಟ್ಟೆ. ನಾನು ಹೇಳದ ಹೆಸರನ್ನು ಅವರು ಹೇಳಿದ್ದರು. ಬರಿಗೈಯಲ್ಲಿ ಹೋಗಲು ಅಷ್ಟು ಹೆದರಿದ್ದ ಹೆಂಗಸು, ಕೈಯಲ್ಲಿರುವುದು ಬೆಲ್ಲ ಎಂದು ಗೊತ್ತಿದ್ದೂ ನನಗೋಸ್ಕರ ಬಾಯಿ ತೆರೆದಿದ್ದರು.

ಅತ್ತೆ ಅಲ್ಲೇ ಪೂಜೆ ಮಾಡಿದರು. ರಸ್ತೆ ಬದಿ, ಧೂಳು, ಯಾವುದನ್ನೂ ಲೆಕ್ಕಿಸಲಿಲ್ಲ. ಮುಗಿಸಿ ಹಾಲು ಕುಡಿದು, ತಣ್ಣಗಾದ ಇಡ್ಲಿಯನ್ನು ಒಂದೂ ಬಿಡದೆ ತಿಂದರು. ಕೊಟ್ಟೂರೇಶ್ ಮನೆಗೆ ವಾಪಸ್ಸು ಹೋಗೋಣ ಎಂದದ್ದಕ್ಕೆ, "ಉಡಿ ತುಂಬೋರು ಯಾರು, ನೀನಾ?" ಎಂದು ಕೇಳಿದರು. ಲಿಂಗವನ್ನು ಈ ಸಲ ಅವರೇ ಕಟ್ಟಿಕೊಳ್ಳಲಿಲ್ಲ. ಕೊರಳು ಬಗ್ಗಿಸಿ, "ನೀನು ಕಟ್ಟು, ಬಿಗಿಯಾಗಿ," ಎಂದರು. ನಾನು ಕಟ್ಟಿದೆ, ಬಿಚ್ಚಿ ನೋಡಿದೆ, ಮತ್ತೆ ಕಟ್ಟಿದೆ.

ಬಸ್ಸು ಹಾರ್ನ್ ಹೊಡೆಯಿತು. ಅತ್ತೆ ಬೆಂಚಿನ ಮೇಲಿದ್ದ ಬೆಲ್ಲದ ಅಚ್ಚನ್ನು ಎತ್ತಿಕೊಂಡು, ನೀರಿನಲ್ಲಿ ತೊಳೆದು, ಎರಡು ಹೋಳು ಮಾಡಿ, ಒಂದನ್ನು ನನ್ನ ಬಾಯಿಗೆ ಹಿಡಿದರು.

"ತಿನ್ನು. ಮುಖ ನೋಡ್ಕೋ, ನಿಂದೂ ಸಕ್ಕರೆ ಇಳಿದೈತೆ."

"ಉಡಿಗೆ ಒಂದು ಕಡಿಮೆ ಆಗ್ತೈತೆ ಅತ್ತೆ."

"ವಾಸ್ಕೋದಾಗೆ ಬೆಲ್ಲ ಸಿಗಲ್ಲೇನು?"

ನಾವು ಹತ್ತಿದೆವು. ಗೋವಾದ ಹೆಂಗಸು ಅತ್ತೆಯನ್ನು ನೋಡಿ ಕೈ ಎತ್ತಿ ಎದೆಗೆ ಮುಟ್ಟಿಸಿಕೊಂಡಳು. ಬಸ್ಸು ತುಂಗಭದ್ರೆಯ ಸೇತುವೆ ಹತ್ತಿತು. ಅತ್ತೆ ನನ್ನ ಕೈಯನ್ನು ತಮ್ಮ ಶಾಲಿನೊಳಗೆ ಎಳೆದುಕೊಂಡು, ಲಿಂಗದ ಗಂಟಿನ ಮೇಲಿಟ್ಟು, ಮೇಲೆ ತಮ್ಮ ಕೈ ಇಟ್ಟುಕೊಂಡು ನಿದ್ದೆ ಹೋದರು. ರಾಣೆಬೆನ್ನೂರು ಬರುವವರೆಗೂ ನಾನು ಕೈ ತೆಗೆಯಲಿಲ್ಲ.